ಲೆಕ್ಕ ಕೇಳುವ ಮಾತು

ನಮ್ಮ ಹೆಣ್ಣುಮಕ್ಕಳಿಗೆ ಲೆಕ್ಕ ಹೊಸದಲ್ಲ. ಹಾಲಿನ ಲೆಕ್ಕ, ಕಿರಾಣಿ ಅಂಗಡಿಯ ಉದ್ರಿ ಲೆಕ್ಕ, ಸಂಘದ ಕಂತಿನ ಲೆಕ್ಕ ಎಲ್ಲವೂ ನಾಲಗೆಯ ತುದಿಯಲ್ಲೇ ಇರುತ್ತವೆ. ಆದರೆ ಓಣಿಯ ಚರಂಡಿಗೆ, ಮಕ್ಕಳ ಶಾಲೆಯ ಕೋಣೆಗೆ ಎಷ್ಟು ಖರ್ಚಾಯಿತೆಂಬ ಮಾತು ಬಂದರೆ, 'ಅದು ಸರ್ಕಾರದ್ದು ಬಿಡ್ರಿ' ಎಂದು ಸುಮ್ಮನಾಗುತ್ತೇವೆ. ಇತಿಹಾಸದ ಪಾಠ ಮಾಡುವಾಗ ನನಗೆ ಈ ಸುಮ್ಮನಿರುವಿಕೆಯೇ ಕಾಡುತ್ತದೆ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ರಾಜಾ ವೆಂಕಟಪ್ಪ ನಾಯಕರು ಇನ್ನೂ ಬಾಲಕರಾಗಿದ್ದಾಗ, 1841ರಿಂದ 1853ರವರೆಗೆ, ಮೆಡೋಸ್ ಟೇಲರ್ ಸಾಹೇಬರು ಇಲ್ಲಿದ್ದು ಸಂಸ್ಥಾನದ ಆಡಳಿತ ನೋಡಿಕೊಂಡರು. ಕೆಟ್ಟುಹೋಗಿದ್ದ ಹಣಕಾಸನ್ನು ಸರಿಪಡಿಸಿದರು, ರಸ್ತೆ, ಕೆರೆಗಳ ಕೆಲಸ ಮಾಡಿಸಿದರು. ಆದರೆ ಅವರು ಉತ್ತರ ಹೇಳಬೇಕಾಗಿದ್ದುದು ಮೇಲಿನ ಇಂಗ್ರಜಿ ಅಧಿಕಾರಿಗಳಿಗೆ. ಮಣ್ಣು ಹೊತ್ತವರು ಲೆಕ್ಕ ಕೇಳುವ ಕಾಲ ಅದಾಗಿರಲಿಲ್ಲ.

ಸ್ವಾತಂತ್ರ್ಯ ಬಂತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ಮುಂದೆ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಕಡೆಗೆ ಹರಿಯಿತು. ಜೋಳ, ತೊಗರಿಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಈ ಕಾಲುವೆಯ ನವೀಕರಣ ಕಾಮಗಾರಿಯನ್ನು 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿಗಳು ಉದ್ಘಾಟಿಸಿದರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ.

ಇಷ್ಟು ಹಣದ ಕಾಲುವೆಯಲ್ಲಿ ನೀರು ಕೊನೆಯ ಹೊಲ ಮುಟ್ಟದಿದ್ದರೆ ಕಾರಣವೇನು? ಮೇಲಿನವರು ಹೆಚ್ಚು ನೀರೆಳೆದರೂ ಹಾಗಾಗುತ್ತದೆ, ಹೂಳು ತುಂಬಿದರೂ ಆಗುತ್ತದೆ, ಕೆಲಸ ಕಳಪೆಯಾದರೂ ಆಗುತ್ತದೆ. ಯಾವುದು ನಿಜವೆಂದು ತಿಳಿಯಲು ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಇವನ್ನೇ ಬಿಡಿಸಿ ನೋಡಬೇಕು. ಬರೀ ಕಟ್ಟೆಯ ಮೇಲಿನ ಮಾತಿನಿಂದ ಅದು ಬಗೆಹರಿಯುವುದಿಲ್ಲ.

ಸರ್ಕಾರಿ ಕಾಮಗಾರಿಗಳಲ್ಲಿ ಶೇಕಡಾ 40ರಷ್ಟು ಕಮಿಷನ್ ಕೊಡಬೇಕಾಗಿದೆ ಎಂದು 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗಳಿಗೆ ಪತ್ರ ಬರೆಯಿತು. ಇದರ ವಿಚಾರಣೆಗೆ 2023ರಲ್ಲಿ ನೇಮಕವಾದ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರಲ್ಲಿ ವರದಿ ಕೊಟ್ಟಿತು. ಆರೋಪ ಬಂದ ಮಾತ್ರಕ್ಕೆ ಯಾರನ್ನೂ ಕಳ್ಳರೆನ್ನಬಾರದು. ಆದರೆ ಲೆಕ್ಕ ಮುಚ್ಚಿಟ್ಟಲ್ಲಿ ಪ್ರಾಮಾಣಿಕವಾಗಿ ದುಡಿದ ಇಂಜಿನಿಯರನ ಮೇಲೂ ಸಂಶಯ ಬೀಳುತ್ತದೆ.

ಟೇಲರ್ ಸಾಹೇಬರ ಕಾಲದ ಜನರಿಗಿಲ್ಲದ ಒಂದು ಹಕ್ಕು ನಮ್ಮ ಕೈಯಲ್ಲಿದೆ. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಯ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಕಡತದ ಪ್ರತಿಯಷ್ಟೇ ಅಲ್ಲ, ಕಾಮಗಾರಿಯನ್ನು ನಿಂತು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿಯನ್ನು ಪಡೆಯುವ ಅಧಿಕಾರವನ್ನೂ ಆ ಕಾಯಿದೆ ಕೊಟ್ಟಿದೆ.

ಯಾದಗಿರಿಯಲ್ಲಾಗಲಿ ಶಹಾಪುರದಲ್ಲಾಗಲಿ, ಓಣಿಯ ನಾಲ್ಕು ಜನ ಹೆಣ್ಣುಮಕ್ಕಳು ಕೂಡಿ ಒಂದು ಅರ್ಜಿ ಬರೆಯುವುದು ಕಷ್ಟವೇನಲ್ಲ. ಹಾಲಿಗೆ ನೀರು ಬೆರೆತರೆ ನೋಡಿದ ಕೂಡಲೇ ಹಿಡಿಯುವ ನಾವು, ಸಿಮೆಂಟಿಗೆ ಮರಳು ಹೆಚ್ಚಾಗಿದೆಯೇ ಎಂದೂ ಕೇಳಬಲ್ಲೆವು.