ಮಕ್ಕಳನ್ನು ಹೊರಗೆ ಕರೆದೊಯ್ಯುವ ಮೊದಲು

ಮಕ್ಕಳಿಗೆ ಬೆಟ್ಟ ಹತ್ತಿಸುವುದು, ದೋಣಿ ನಡೆಸಲು ಕಲಿಸುವುದು, ಗುಹೆಗೆ ಇಳಿಸುವುದು ಇವೆಲ್ಲ ಪಾಠದ ಭಾಗವೇ ಎಂಬ ನಂಬಿಕೆ ಬ್ರಿಟನ್ನಿನ ಶಾಲೆಗಳಲ್ಲಿ ಗಟ್ಟಿಯಾಗಿ ಬೇರೂರಿದ್ದು ಎರಡನೇ ಮಹಾಯುದ್ಧದ ನಂತರ. ಅದರ ಬೀಜ ಮಾತ್ರ ಯುದ್ಧಕಾಲದ್ದು. ಜರ್ಮನಿಯಿಂದ ಬಂದು ನೆಲೆಸಿದ್ದ ಶಿಕ್ಷಣತಜ್ಞ ಕುರ್ಟ್ ಹಾನ್ 1941ರಲ್ಲಿ ವೇಲ್ಸ್‌ನ ಅಬರ್ಡೋವಿಯಲ್ಲಿ ಮೊದಲ ಔಟ್‌ವರ್ಡ್ ಬೌಂಡ್ ಶಾಲೆ ತೆರೆದ. ಹಡಗಿನ ಎಳೆಯ ನಾವಿಕರಿಗೆ ಕಷ್ಟ ಸಹಿಸುವ ಗಟ್ಟಿತನ ಕಲಿಸುವುದು ಅದರ ಒಂದು ಉದ್ದೇಶ. ಯುದ್ಧ ಮುಗಿದ ಮೇಲೆ ಸ್ಥಳೀಯ ಶಿಕ್ಷಣ ಮಂಡಳಿಗಳೂ ಗುಡ್ಡಗಾಡಿನಲ್ಲಿ ತಮ್ಮದೇ ಕೇಂದ್ರಗಳನ್ನು ಕಟ್ಟಿಕೊಂಡವು. ಮಕ್ಕಳನ್ನು ಕರೆದೊಯ್ಯುವ ಮುಂದಾಳುವಿಗೂ ತರಬೇತಿ ಬೇಕು ಎಂಬ ಅರಿವು ಮೂಡಿ ಪರ್ವತ ನಾಯಕತ್ವದ ಪ್ರಮಾಣಪತ್ರ ಶುರುವಾದದ್ದು 1964ರಲ್ಲಿ. ಅದು ಇರಲೇಬೇಕು ಎಂಬ ಕಟ್ಟಳೆ ಆಗ ಇರಲಿಲ್ಲ.

ಅಲ್ಲಿಂದ ಮುಂದೆ ಈ ಕ್ಷೇತ್ರದ ಇತಿಹಾಸವೆಂದರೆ ಸಾವುಗಳ ಇತಿಹಾಸ. ಪ್ರತಿ ನಿಯಮದ ಹಿಂದೆಯೂ ಒಂದು ಊರಿನ, ಒಂದು ಶಾಲೆಯ ಹೆಸರಿದೆ.

1971ರ ನವೆಂಬರ್‌ನಲ್ಲಿ ಎಡಿನ್‌ಬರೋದ ಐನ್ಸ್ಲಿ ಪಾರ್ಕ್ ಶಾಲೆಯ ಆರು ಮಕ್ಕಳು ಇಬ್ಬರು ಮುಂದಾಳುಗಳ ಜೊತೆ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪ್ರಸ್ಥಭೂಮಿಯಲ್ಲಿ ಹಿಮಗಾಳಿಗೆ ಸಿಕ್ಕಿಕೊಂಡರು. ತಲುಪಬೇಕಿದ್ದ ಪುಟ್ಟ ತಂಗುಗುಡಿಸಲು ಕಣ್ಣಿಗೆ ಬೀಳಲೇ ಇಲ್ಲ. ಬಯಲಲ್ಲೇ ಎರಡು ರಾತ್ರಿ ಕಳೆಯಿತು. ಐದು ಮಕ್ಕಳು, ತರಬೇತಿಯಲ್ಲಿದ್ದ ಒಬ್ಬ ಸಹಾಯಕಿ ಚಳಿಗೆ ಸತ್ತರು. ಮುಂದಾಳುಗಳ ಅರ್ಹತೆಯ ವಿಷಯದಲ್ಲಿ ಶಿಕ್ಷಣ ಮಂಡಳಿಗಳು ಬಿಗಿಯಾದದ್ದು ಇದಾದ ಮೇಲೆಯೇ. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಗುಡಿಸಲುಗಳ ಬಗ್ಗೆ ನಡೆದ ವಾದ. ಆಸರೆಗೆಂದು ಕಟ್ಟಿದ ಗುಡಿಸಲೇ ಅನನುಭವಿಗಳನ್ನು ಚಳಿಗಾಲದ ಎತ್ತರಕ್ಕೆ ಸೆಳೆಯುತ್ತದೆ ಎಂದು ಕೆಲವರು ವಾದಿಸಿದರು. ಅದನ್ನು ಕಿತ್ತರೆ ಇನ್ನಷ್ಟು ಜನ ಸಾಯುತ್ತಾರೆ ಎಂದರು ಉಳಿದವರು. ಕೊನೆಗೆ 1975ರಲ್ಲಿ ಎತ್ತರದ ಗುಡಿಸಲುಗಳನ್ನು ಕೆಡವಲಾಯಿತು. ರಕ್ಷಣೆಗೆಂದು ಇಟ್ಟದ್ದೇ ಅಪಾಯಕ್ಕೆ ಕರೆಯುವುದುಂಟು ಎಂಬ ಈ ತಕರಾರು ಮುಂದೆ ಕಾಗದಪತ್ರಗಳ ವಿಷಯದಲ್ಲೂ ಏಳಲಿತ್ತು.

1985ರಲ್ಲಿ ಸ್ಟೋಕ್ ಪೋಜಸ್‌ನ ಶಾಲೆಯೊಂದರ ನಾಲ್ವರು ಹುಡುಗರು ಇಂಗ್ಲೆಂಡಿನ ಕರಾವಳಿಯ ಲ್ಯಾಂಡ್ಸ್ ಎಂಡ್‌ನ ಬಂಡೆಗಳ ಮೇಲಿಂದ ಅಲೆಗೆ ಸಿಕ್ಕಿ ಕೊಚ್ಚಿಹೋದರು. ಅದು ಸಾಹಸ ಶಿಬಿರವಲ್ಲ, ನಮ್ಮ ಶಾಲೆಗಳ ಡಿಸೆಂಬರ್ ಟೂರ್‌ನಂತೆ ಸಾಮಾನ್ಯ ಪ್ರವಾಸ.

ನಿಜವಾದ ತಿರುವು ಲೈಮ್ ಕೊಲ್ಲಿ. 1993ರ ಮಾರ್ಚ್ 22ರಂದು ಪ್ಲಿಮತ್‌ನ ಸೌತ್‌ವೇ ಶಾಲೆಯ ಎಂಟು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕ, ಸಾಹಸ ಕೇಂದ್ರವೊಂದರ ಇಬ್ಬರು ತರಬೇತುದಾರರು ಕಾಯಕ್‌ಗಳಲ್ಲಿ ಲೈಮ್ ರೀಜಿಸ್‌ನಿಂದ ಚಾರ್ಮತ್‌ಗೆ ಹೊರಟರು. ದೂರ ಮೂರು ಕಿಲೋಮೀಟರ್ ಆಸುಪಾಸು, ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸಾಗಬೇಕಿತ್ತು. ಶಿಕ್ಷಕರ ಕಾಯಕ್ ಮತ್ತೆ ಮತ್ತೆ ಮಗುಚಿತು. ಒಬ್ಬ ತರಬೇತುದಾರ ಅವರ ಬಳಿಯೇ ಉಳಿದಾಗ ಮಕ್ಕಳ ಗುಂಪು ಇನ್ನೊಬ್ಬರ ಜೊತೆ ಕಡಲಿನತ್ತ ತೇಲಿಹೋಯಿತು. ಅವರ ಬಳಿ ಸಂಕೇತದ ಬೆಂಕಿಬಾಣವಾಗಲಿ ರೇಡಿಯೊ ಆಗಲಿ ಇರಲಿಲ್ಲ. ಕೇಂದ್ರದಿಂದ ಕರಾವಳಿ ಕಾವಲು ಪಡೆಗೆ ಸುದ್ದಿ ಮುಟ್ಟಿದ್ದು ಗಂಟೆಗಳ ನಂತರ. ಮಾರ್ಚ್ ತಿಂಗಳ ಆ ತಣ್ಣೀರಿನಲ್ಲಿ ನಾಲ್ವರು ವಿದ್ಯಾರ್ಥಿಗಳು ತೀರಿಕೊಂಡರು.

ವಿಚಾರಣೆಯಲ್ಲಿ ಒಂದು ಪತ್ರ ಹೊರಬಂತು. ಅದೇ ಕೇಂದ್ರದಲ್ಲಿದ್ದ ಇಬ್ಬರು ತರಬೇತುದಾರರು ಹಿಂದಿನ ವರ್ಷವೇ ಕೆಲಸ ಬಿಟ್ಟಿದ್ದರು. ಸುರಕ್ಷತೆಯನ್ನು ಸರಿಪಡಿಸದಿದ್ದರೆ ಯಾರದೋ ಮನೆಯ ಮಗ ಅಥವಾ ಮಗಳು ಯಾಕೆ ಮರಳಲಿಲ್ಲ ಎಂದು ನೀವು ಉತ್ತರ ಹೇಳಬೇಕಾದೀತು ಎಂಬರ್ಥದ ಮಾತನ್ನು ಅವರು ಆಡಳಿತಕ್ಕೆ ಬರೆದಿದ್ದರು. 1994ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಕೇಂದ್ರ ನಡೆಸುತ್ತಿದ್ದ ಓಎಲ್‌ಎಲ್ ಕಂಪನಿಗೆ 60,000 ಪೌಂಡ್ ದಂಡ ಹಾಕಿ, ವ್ಯವಸ್ಥಾಪಕ ನಿರ್ದೇಶಕನನ್ನು ಜೈಲಿಗೆ ಕಳಿಸಿತು. ನರಹತ್ಯೆಯ ಅಪರಾಧದಲ್ಲಿ ಕಂಪನಿಯೊಂದು ತಪ್ಪಿತಸ್ಥ ಎನಿಸಿದ್ದು ಇಂಗ್ಲೆಂಡಿನಲ್ಲಿ ಅದೇ ಮೊದಲು. ಇಲ್ಲಿ ಒಂದು ಸಣ್ಣ ಕಾನೂನಿನ ಸಂಗತಿಯಿದೆ. 1987ರಲ್ಲಿ ಜೀಬ್ರುಗ್ ಬಂದರಿನ ಬಳಿ ಹಡಗು ಮಗುಚಿ 193 ಮಂದಿ ಸತ್ತಾಗ ದೊಡ್ಡ ಹಡಗು ಕಂಪನಿಯ ಮೇಲಿನ ಮೊಕದ್ದಮೆ ಬಿದ್ದುಹೋಗಿತ್ತು. ಮೇಲಿನಿಂದ ಕೆಳಗಿನವರೆಗೆ ಹಂಚಿಹೋದ ತಪ್ಪನ್ನು ಯಾವ ಒಬ್ಬ ಅಧಿಕಾರಿಯ ತಲೆಗೂ ಕಟ್ಟಲಾಗಲಿಲ್ಲ. ಓಎಲ್‌ಎಲ್ ಚಿಕ್ಕ ಕಂಪನಿ. ಎಲ್ಲ ತೀರ್ಮಾನ ಒಬ್ಬನದೇ ಆಗಿದ್ದರಿಂದ ಸಿಕ್ಕಿಬಿತ್ತು. ದೊಡ್ಡವರೂ ಸಿಕ್ಕುವಂತೆ ಪ್ರತ್ಯೇಕ ಕಾಯ್ದೆ ಬರಲು 2007ರವರೆಗೆ ಕಾಯಬೇಕಾಯಿತು.

ಮಕ್ಕಳನ್ನು ಕಳೆದುಕೊಂಡ ಪೋಷಕರು ಪಟ್ಟು ಬಿಡಲಿಲ್ಲ. ಪ್ಲಿಮತ್‌ನ ಸಂಸದ ಡೇವಿಡ್ ಜೇಮಿಸನ್ ಖಾಸಗಿ ಮಸೂದೆ ತಂದರು. 1995ರಲ್ಲಿ ಕಾಯ್ದೆಯಾಯಿತು, 1996ರಲ್ಲಿ ಪರವಾನಗಿ ವ್ಯವಸ್ಥೆ ಜಾರಿಗೆ ಬಂತು. 18 ವರ್ಷದೊಳಗಿನವರಿಗೆ ಹಣ ಪಡೆದು ಗುಹೆ ಇಳಿಸುವ, ಬಂಡೆ ಹತ್ತಿಸುವ, ದುರ್ಗಮ ಜಾಗಗಳಲ್ಲಿ ಚಾರಣ ಮಾಡಿಸುವ, ನೀರಿನ ಆಟ ಆಡಿಸುವ ಕೇಂದ್ರಗಳಿಗೆ ಪರವಾನಗಿ ಕಡ್ಡಾಯವಾಯಿತು. ಅದನ್ನು ಕೊಡುವ ಮೊದಲು ತಪಾಸಣಾಧಿಕಾರಿ ಕೇಂದ್ರಕ್ಕೆ ಹೋಗಿ ನೋಡಬೇಕು. ಪರವಾನಗಿಯ ಅವಧಿ ಹೆಚ್ಚೆಂದರೆ ಮೂರು ವರ್ಷ. 2007ರಿಂದ ಈ ಅಧಿಕಾರ ಅಲ್ಲಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಕೈಯಲ್ಲಿದೆ.

ಈ ಕಾಯ್ದೆಯಲ್ಲಿ ಒಂದು ದೊಡ್ಡ ಬಾಗಿಲು ತೆರೆದೇ ಉಳಿಯಿತು. ತನ್ನದೇ ವಿದ್ಯಾರ್ಥಿಗಳನ್ನು ತನ್ನದೇ ಶಿಕ್ಷಕರ ಜೊತೆ ಕರೆದೊಯ್ಯುವ ಶಾಲೆಗೆ ಪರವಾನಗಿ ಬೇಡ. ಇದಕ್ಕೆ ಕಾರಣವಿತ್ತು. ಪ್ರತಿ ಶಾಲೆಗೂ ಪರವಾನಗಿ ಎಂದರೆ ಯಾವ ಶಾಲೆಯೂ ಗೇಟು ದಾಟುತ್ತಿರಲಿಲ್ಲ. ಆದರೆ ಮುಂದಿನ ಎರಡು ದುರಂತಗಳು ಅದೇ ಬಾಗಿಲಿನಿಂದ ಬಂದವು. 2000ದ ಅಕ್ಟೋಬರ್‌ನಲ್ಲಿ ಮಳೆಯಿಂದ ಉಕ್ಕಿದ್ದ ಸ್ಟೇನ್‌ಫೋರ್ತ್ ತೊರೆಯಲ್ಲಿ ನಡೆಯಲು ಹೋದ ಲೀಡ್ಸ್‌ನ ಇಬ್ಬರು ವಿದ್ಯಾರ್ಥಿನಿಯರು ಕೊಚ್ಚಿಹೋದರು. 2002ರ ಮೇ ತಿಂಗಳಲ್ಲಿ ಗ್ಲೆನ್‌ರಿಡಿಂಗ್‌ನ ತೊರೆಯ ಮಡುವಿಗೆ ಜಿಗಿದ ಹತ್ತು ವರ್ಷದ ಹುಡುಗ ಸತ್ತ. ಮುಂದಾಳುವಾಗಿದ್ದ ಶಿಕ್ಷಕರಿಗೆ ಹನ್ನೆರಡು ತಿಂಗಳ ಸೆರೆವಾಸವಾಯಿತು. ಸುರಕ್ಷತಾ ಇಲಾಖೆ 2005ರಲ್ಲಿ ಆ ಸಾವಿನ ತನಿಖೆಯ ವರದಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿತು. ನೀರು ತಣ್ಣಗೆ ಕೊರೆಯುತ್ತಿತ್ತು, ತೊರೆ ತುಂಬಿತ್ತು. ಹವಾಮಾನ ಕೈಕೊಟ್ಟರೆ ಮಕ್ಕಳಿಂದ ಬೇರೇನು ಮಾಡಿಸಬೇಕು ಎಂಬ ಯೋಚನೆ ಮೊದಲೇ ಆಗಿರಲಿಲ್ಲ. ಬದಲಿ ಯೋಜನೆ ಇಲ್ಲದ ಮುಂದಾಳುವಿಗೆ ಬೇಡ ಎನ್ನುವುದು ಕಷ್ಟ. ಇಷ್ಟು ದೂರ ಬಂದಾಗಿದೆ, ಮಕ್ಕಳು ಕಾಯುತ್ತಿದ್ದಾರೆ, ಹಣ ಕಟ್ಟಿಯಾಗಿದೆ. ಮಳೆಗಾಲದಲ್ಲಿ ಜಲಪಾತ ನೋಡಲು ಹೋದ ಯಾರಿಗೂ ಈ ಒತ್ತಡ ಹೊಸದಲ್ಲ.

ಅಪಾಯದ ಅಂದಾಜನ್ನು, ಅಂದರೆ ರಿಸ್ಕ್ ಅಸೆಸ್‌ಮೆಂಟನ್ನು, ಬ್ರಿಟನ್ನಿನ ಕೆಲಸದ ಜಾಗಗಳಲ್ಲಿ ಕಡ್ಡಾಯ ಮಾಡಿದ್ದು 1993ರ ಜನವರಿ 1ರಿಂದ. ಲೈಮ್ ಕೊಲ್ಲಿಯ ದುರಂತಕ್ಕೆ ಮೂರು ತಿಂಗಳೂ ಇರಲಿಲ್ಲ. ಶಾಲೆಗಳಲ್ಲಿ ಅದು ನೆಲೆಯೂರಿದ್ದು 1998ರಲ್ಲಿ ಶಿಕ್ಷಣ ಇಲಾಖೆಯ ಮಾರ್ಗದರ್ಶಿ ಬಂದ ಮೇಲೆ. ಪ್ರವಾಸಗಳ ಮೇಲ್ವಿಚಾರಣೆಗೆಂದೇ ಪ್ರತಿ ಶಾಲೆಯಲ್ಲೂ ಒಬ್ಬ ಶಿಕ್ಷಕ ಸಂಯೋಜಕ ಇರಬೇಕೆಂಬ ಪದ್ಧತಿ ಆಮೇಲೆ ಬಂತು. ಏನು ಆಗಬಹುದು, ಆಗುವ ಸಾಧ್ಯತೆ ಎಷ್ಟು, ಆದರೆ ಪೆಟ್ಟು ಎಷ್ಟು ಎಂದು ಯೋಚಿಸಿ ತಡೆಯುವ ದಾರಿ ಬರೆದಿಡುವುದು ಅಪಾಯದ ಅಂದಾಜಿನ ತಿರುಳು. ಬರಬರುತ್ತಾ ಯೋಚನೆ ಹಿಂದೆ ಸರಿದು ಬರೆದಿಡುವುದೇ ಮುಂದಾಯಿತು. ಪಾರ್ಕಿಗೆ ಹೋಗಲೂ ಕಟ್ಟು ಫಾರಂ. ಜೇನುನೊಣದಿಂದ ಹಿಡಿದು ಶೂ ಲೇಸಿನವರೆಗೆ ಪಟ್ಟಿ. ಉಕ್ಕುವ ತೊರೆಯೂ ಜಾರುವ ಮೆಟ್ಟಿಲೂ ಒಂದೇ ಅಳತೆಯ ಚೌಕದಲ್ಲಿ ಕೂತವು. ಮೊಕದ್ದಮೆಯ ಭಯ ಬೇರೆ. 2004ರಲ್ಲಿ ದೊಡ್ಡ ಶಿಕ್ಷಕ ಸಂಘವೊಂದು ತನ್ನ ಸದಸ್ಯರಿಗೆ ಪ್ರವಾಸಕ್ಕೇ ಹೋಗಬೇಡಿ ಎಂದು ಸಲಹೆ ಕೊಟ್ಟಿತು.

ಇದಕ್ಕೆ ಪ್ರತಿಕ್ರಿಯೆ ಬರಲೇಬೇಕಿತ್ತು. ತರಗತಿಯ ಹೊರಗಿನ ಕಲಿಕೆಗೆ ಸರ್ಕಾರವೇ 2006ರಲ್ಲಿ ಪ್ರಣಾಳಿಕೆ ಹೊರಡಿಸಿತು. ಕೆಲವೇ ವರ್ಷಗಳಲ್ಲಿ ಕೇಂದ್ರಗಳ ಕಲಿಕೆ, ಸುರಕ್ಷತೆ ಎರಡನ್ನೂ ಒಟ್ಟಿಗೆ ತೂಗುವ ಗುಣಮಟ್ಟದ ಬ್ಯಾಡ್ಜ್ ಬಂತು. ಒಂದೊಂದು ಕೇಂದ್ರಕ್ಕೂ ಶಾಲೆಗಳು ಪುಟಗಟ್ಟಲೆ ಪ್ರಶ್ನೆ ಕಳಿಸುವ ಗೋಳು ಇದರಿಂದ ಕಡಿಮೆಯಾಯಿತು. ಅಪಾಯದ ಜೊತೆ ಲಾಭವನ್ನೂ ತೂಗಬೇಕು, ಮರ ಹತ್ತಿ ಮಗು ಕಲಿಯುವುದಕ್ಕೂ ಲೆಕ್ಕದಲ್ಲಿ ಜಾಗ ಬೇಕು ಎಂಬ ವಾದಕ್ಕೆ ಲೇಖಕ ಟಿಮ್ ಗಿಲ್ ಮೊದಲಾದವರ ಬರಹಗಳು ಬಲ ಕೊಟ್ಟವು. 2010ರಲ್ಲಿ ಪ್ರಧಾನಿಗೆ ವರದಿ ಕೊಟ್ಟ ಲಾರ್ಡ್ ಯಂಗ್ ಇನ್ನೂ ಮುಂದೆ ಹೋಗಿ ಪರವಾನಗಿ ವ್ಯವಸ್ಥೆಯನ್ನೇ ರದ್ದು ಮಾಡಿ ಎಂದರು. ಅದು ರದ್ದಾಗಲಿಲ್ಲ. ಒಳ್ಳೆಯದೇ ಆಯಿತು ಎನ್ನುತ್ತೇನೆ. ಫಾರಂಗಳ ಕಾಟಕ್ಕೂ ಪರವಾನಗಿಗೂ ಸಂಬಂಧವಿರಲಿಲ್ಲ. ಫಾರಂ ತುಂಬುವುದು ಶಾಲೆ, ಕೇಂದ್ರಕ್ಕೆ ಹೋಗಿ ಹಗ್ಗ ಎಳೆದು ನೋಡುವುದು ಹೊರಗಿನ ತಪಾಸಣಾಧಿಕಾರಿ. ಸುರಕ್ಷತಾ ಇಲಾಖೆಯೇ 2011ರಲ್ಲಿ ಶಾಲೆಗಳಿಗೆ ಬಿಡಿಸಿ ಹೇಳಿತು: ನಿಮ್ಮ ಗಮನ ಕಾಗದದ ಮೇಲಲ್ಲ, ನಿಜವಾದ ಅಪಾಯದ ಮೇಲಿರಲಿ.

ಸಾವಿನ ನಂತರ ನಿಯಮ ಎಂಬುದು ಬ್ರಿಟನ್ನಿನದಷ್ಟೇ ಕಥೆಯಲ್ಲ. ನ್ಯೂಜಿಲೆಂಡ್ ಸಾಹಸ ಚಟುವಟಿಕೆಗಳಿಗೆ ಪ್ರತ್ಯೇಕ ನಿಯಮ ಮಾಡಿದ್ದು 2011ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಮಂಗಟೆಪೋಪೋ ಕಣಿವೆಯ ಹಠಾತ್ ಪ್ರವಾಹದಲ್ಲಿ ಆರು ವಿದ್ಯಾರ್ಥಿಗಳೂ ಒಬ್ಬ ಶಿಕ್ಷಕರೂ ಸತ್ತಿದ್ದರು.

ಇನ್ನು ನಮ್ಮಲ್ಲಿ. 2007ರಲ್ಲಿ ಕೇರಳದ ತಟ್ಟೇಕಾಡಿನಲ್ಲಿ ದೋಣಿ ಮುಳುಗಿ 15 ಮಕ್ಕಳು, 3 ಶಿಕ್ಷಕಿಯರು. 2014ರಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಅಣೆಕಟ್ಟಿನ ನೀರು ನುಗ್ಗಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು. 2024ರ ಜನವರಿಯಲ್ಲಿ ವಡೋದರದ ಹರ್ಣಿ ಕೆರೆಯಲ್ಲಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಅದೇ ವರ್ಷ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹುಡುಗಿಯರು. ಹಿಮಾಚಲದಲ್ಲಿ ರ‍್ಯಾಫ್ಟಿಂಗ್‌ಗೆ 2005ರಿಂದ ನಿಯಮಗಳಿವೆ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಸಾಹಸ ಪ್ರವಾಸಕ್ಕೆ ಮಾರ್ಗಸೂಚಿ ಹೊರಡಿಸಿದೆ. ಆದರೆ ಶಾಲಾ ಮಕ್ಕಳ ಹೊರಾಂಗಣ ಚಟುವಟಿಕೆಗೆಂದೇ ತಪಾಸಣೆ, ಪರವಾನಗಿ ವಿಧಿಸುವ ರಾಷ್ಟ್ರೀಯ ಕಾಯ್ದೆ ನಮ್ಮಲ್ಲಿಲ್ಲ. ಇಲ್ಲಿನ ಕ್ರಮ ಗೊತ್ತಿರುವುದೇ: ಶಿಕ್ಷಕರ ಅಮಾನತು, ಪೊಲೀಸ್ ಪ್ರಕರಣ, ಪರಿಹಾರಧನ, ಒಂದು ಸುತ್ತೋಲೆ. ಮುಂದಿನ ವರ್ಷ ಆ ಸುತ್ತೋಲೆಗೆ ಹೆದರಿದ ಹೆಡ್‌ಮಾಸ್ತರರು ಪ್ರವಾಸವನ್ನೇ ಕೈಬಿಡುತ್ತಾರೆ. ಕಡಲು ಕಾಣದ ಬಯಲುಸೀಮೆಯ ಬಡ ಮಕ್ಕಳಿಗೆ ಹಾಗೆ ತಪ್ಪುವುದು ಬಹುಶಃ ಅವರ ಒಂದೇ ಅವಕಾಶ.

ಬ್ರಿಟನ್ನಿನ ಕಾಯ್ದೆಯನ್ನು ಹಾಗೆಯೇ ತಂದು ನೆಡಬೇಕಿಲ್ಲ, ಅಷ್ಟು ತಪಾಸಣಾಧಿಕಾರಿಗಳನ್ನು ನಾಳೆಯೇ ಹುಡುಕಲೂ ಆಗದು. ಆದರೆ ಗ್ಲೆನ್‌ರಿಡಿಂಗ್ ವರದಿಯಂಥ ಒಂದು ಕಡತ ಪ್ರಕಟಿಸಲು ಹೊಸ ಕಾಯ್ದೆ ಬೇಡ. ಮುರುಡೇಶ್ವರದಲ್ಲಿ ಆ ಮಧ್ಯಾಹ್ನ ಕ್ರಮವಾಗಿ ಏನೇನು ನಡೆಯಿತು, ನೀರಿಗಿಳಿಯಬಹುದೆಂದು ಯಾರು ತೀರ್ಮಾನಿಸಿದರು, ಎಚ್ಚರಿಕೆ ಎಲ್ಲಿತ್ತು, ಜೀವರಕ್ಷಕರು ಎಲ್ಲಿದ್ದರು ಎಂಬುದನ್ನು ಶಿಕ್ಷಣ ಮತ್ತು ಪ್ರವಾಸೋದ್ಯಮ ಇಲಾಖೆಗಳು ಸೇರಿ ಬರೆಸಲಿ. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಪ್ರವಾಸದ ಅನುಮತಿಗೆ ಅರ್ಜಿ ಹಾಕುವ ಪ್ರತಿ ಶಾಲೆಗೂ ಮೊದಲು ಕಳಿಸಲಿ.