ತೆರಿಗೆ ಕಡಿತ ಮತ್ತು ಆರ್ಥಿಕ ಹಿಂಜರಿತ

ಆರ್ಥಿಕತೆ ಕುಂಟುವಾಗ ಜನರ ಕೈಯಲ್ಲಿ ಹೆಚ್ಚು ಹಣ ಉಳಿಸಿ ಬೇಡಿಕೆ ಕುದುರಿಸಲು ಸರ್ಕಾರ ಬಳಸುವ ಸಾಧನಗಳಲ್ಲಿ ತೆರಿಗೆ ಕಡಿತವೂ ಒಂದು. ಉಳಿದ ಹಣ ಖರ್ಚಾದರೆ ವ್ಯಾಪಾರ, ಉದ್ಯೋಗ ಚೇತರಿಸುತ್ತವೆ. ಸಾಲ ತೀರಿಸಲು ಅಥವಾ ಠೇವಣಿಗೆ ಹೋದರೆ ಪರಿಣಾಮ ಕ್ಷೀಣ. ವರಮಾನ ಖೋತಾ ತುಂಬಿಕೊಳ್ಳಲು ಸರ್ಕಾರ ರಸ್ತೆ, ಶಾಲೆಗಳ ವೆಚ್ಚಕ್ಕೆ ಕತ್ತರಿ ಹಾಕಿದರೆ ಬಂದ ಲಾಭವೂ ಕರಗುತ್ತದೆ.

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳ ತೆರಿಗೆಯನ್ನು ಶೇ 22ಕ್ಕೆ ಇಳಿಸಿತು. ಅಂದಾಜು ಖೋತಾ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ. ಆದರೂ 2019–20ರ ಬೆಳವಣಿಗೆ ಹಿಂದಿನ ವರ್ಷಕ್ಕಿಂತ ಕುಸಿಯಿತು.

ಕೋವಿಡ್ ಹೊಡೆತದ ನಂತರ ಕರ್ನಾಟಕದ 2021–22ರ ಬಜೆಟ್, 35ರಿಂದ 45 ಲಕ್ಷ ರೂಪಾಯಿ ಬೆಲೆಯ ಫ್ಲ್ಯಾಟ್‌ಗಳ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕವನ್ನು ಶೇ 5ರಿಂದ 3ಕ್ಕೆ ಇಳಿಸಿತು. 40 ಲಕ್ಷದ ಫ್ಲ್ಯಾಟ್ ಕೊಂಡವರಿಗೆ ಶುಲ್ಕ 2 ಲಕ್ಷದಿಂದ 1.2 ಲಕ್ಷಕ್ಕೆ ಇಳಿದು, 80,000 ರೂಪಾಯಿ ಉಳಿಯಿತು. ಬೆಂಗಳೂರಿನ ಜಯನಗರದಂಥ ದುಬಾರಿ ಬಡಾವಣೆಗಳ ಕೋಟಿ ಬೆಲೆಯ ಮನೆಗಳಿಗೆ ಈ ರಿಯಾಯಿತಿ ಅನ್ವಯಿಸಲಿಲ್ಲ.

ಕಡಿತ ಯಾರ ಕೈ ಸೇರುತ್ತದೆ, ಅವರು ಅದನ್ನು ಖರ್ಚು ಮಾಡುತ್ತಾರೆಯೇ ಎಂಬುದೇ ಫಲಿತಾಂಶವನ್ನು ನಿರ್ಧರಿಸುತ್ತದೆ.