ಒಂದು ಕಂಪ್ಯೂಟರ್ ಇನ್ನೊಂದರಿಂದ ರ‍್ಯಾಮ್ ಕಡ ಪಡೆಯಬಹುದೇ?

‘ಫೋನ್ ಸ್ಲೋ ಆಗಿದೆಯಾ? ಈ ಆ್ಯಪ್ ಹಾಕಿಕೊಳ್ಳಿ, ರ‍್ಯಾಮ್ ಡಬಲ್ ಆಗುತ್ತೆ’ ಎನ್ನುವ ಧಾಟಿಯ ಮೆಸೇಜುಗಳು ಫ್ಯಾಮಿಲಿ ಗ್ರೂಪಿಗೆ ಆಗಾಗ ಬರುತ್ತಲೇ ಇರುತ್ತವೆ. ಇದು ಸುಳ್ಳು. ರ‍್ಯಾಮ್ ಎಂಬುದು ಫೋನಿನೊಳಗೆ ಕೂರಿಸಿದ ಚಿಪ್. ಆ್ಯಪ್ ಹಾಕಿದ ಮಾತ್ರಕ್ಕೆ ಚಿಪ್ ಬೆಳೆಯುವುದಿಲ್ಲ. ಹೊಸ ಫೋನಿನ ಡಬ್ಬದ ಮೇಲೆ ‘8 ಜಿಬಿ + 8 ಜಿಬಿ’ ಎಂದಿದ್ದರೆ ಮೊದಲನೆಯ 8 ಮಾತ್ರ ನಿಜವಾದ ರ‍್ಯಾಮ್. ಎರಡನೆಯದು ನಿಮ್ಮ ಫೋಟೊ, ವಿಡಿಯೊ ಕೂರುವ ಸ್ಟೋರೇಜಿನಿಂದ ಕಿತ್ತುಕೊಂಡ ಜಾಗ. ಅದು ರ‍್ಯಾಮ್‌ಗಿಂತ ನೂರಾರು ಪಟ್ಟು ನಿಧಾನ.

ಇಷ್ಟು ಹೇಳಿದಾಗ ಕೆಲವರು ಕೇಳುವ ಪ್ರಶ್ನೆ: ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆ ಫೋನಿನ ರ‍್ಯಾಮನ್ನಾದರೂ ಹೊಸದಕ್ಕೆ ಕೊಡಬಹುದಲ್ಲ? ಪ್ರಶ್ನೆ ದಡ್ಡತನದ್ದಲ್ಲ. ದೊಡ್ಡ ಕಂಪನಿಗಳ ಡೇಟಾ ಸೆಂಟರ್‌ಗಳಲ್ಲಿ ಎಂಜಿನಿಯರ್‌ಗಳು ತಲೆ ಕೆಡಿಸಿಕೊಂಡಿರುವುದೂ ಇಂಥದ್ದೇ ಪ್ರಶ್ನೆಗೆ.

ಅಲ್ಲಿನ ಸಮಸ್ಯೆ ಹೀಗೆ. ಒಂದು ಸರ್ವರ್ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ರ‍್ಯಾಮ್ ಎರಡೂ ಇರುತ್ತವೆ. ಕ್ಲೌಡ್ ಕಂಪನಿ ಅದನ್ನು ಭಾಗ ಮಾಡಿ ಹಲವು ಗ್ರಾಹಕರಿಗೆ ಬಾಡಿಗೆಗೆ ಕೊಡುತ್ತದೆ. ಪ್ರೊಸೆಸರ್ ಪೂರ್ತಿ ಬಾಡಿಗೆಗೆ ಹೋಗಿ ರ‍್ಯಾಮ್ ಒಂದಿಷ್ಟು ಉಳಿದರೆ? ಪ್ರೊಸೆಸರ್ ಇಲ್ಲದೆ ಬರೀ ರ‍್ಯಾಮನ್ನು ಯಾರೂ ಕೊಳ್ಳುವುದಿಲ್ಲ. ಪಕ್ಕದ ಸರ್ವರ್‌ನಲ್ಲಿ ರ‍್ಯಾಮ್ ಸಾಲದಿದ್ದರೂ ಇಲ್ಲಿನದನ್ನು ಅಲ್ಲಿಗೆ ಕೊಡಲಾಗದು. ಮೈಕ್ರೋಸಾಫ್ಟ್‌ನ ಕ್ಲೌಡ್ ಕುರಿತು 2023ರಲ್ಲಿ ಪ್ರಕಟವಾದ ‘ಪಾಂಡ್’ ಎಂಬ ಸಂಶೋಧನಾ ಪ್ರಬಂಧದ ಪ್ರಕಾರ ಹೀಗೆ ಸಿಕ್ಕಿಹಾಕಿಕೊಳ್ಳುವ ರ‍್ಯಾಮ್ ಕೆಲವೊಮ್ಮೆ 25% ತಲುಪುತ್ತದೆ. ಸರ್ವರ್‌ನ ಬೆಲೆಯಲ್ಲಿ ಅರ್ಧದಷ್ಟು ರ‍್ಯಾಮ್‌ಗೇ ಹೋಗಬಹುದು ಎಂದೂ ಅದೇ ಪ್ರಬಂಧ ಹೇಳುತ್ತದೆ. ಅಂದರೆ ಬೆಳ್ಳಿ ಬಟ್ಟಲನ್ನು ಅಟ್ಟದ ಮೇಲೆ ಎಸೆದಂತೆ.

ಊರಿನ ದೇವಸ್ಥಾನದಲ್ಲಿ ದೊಡ್ಡ ಕೊಪ್ಪರಿಗೆ, ಹಂಡೆಗಳನ್ನು ಇಟ್ಟಿರುವುದನ್ನು ನೋಡಿದ್ದೀರಲ್ಲ? ಮದುವೆಗೆ ಬೇಕು ಎಂದು ಪ್ರತಿ ಮನೆಯವರೂ ಕೊಪ್ಪರಿಗೆ ಕೊಳ್ಳುವುದಿಲ್ಲ. ಕಾರ್ಯವಿದ್ದ ಮನೆಯವರು ಒಯ್ದು, ಬಳಸಿ, ತೊಳೆದು ಹಿಂದಿರುಗಿಸುತ್ತಾರೆ. ರ‍್ಯಾಮ್ ಹಂಚಿಕೆಯ ಲೆಕ್ಕವೂ ಇದೇ. ಪ್ರತಿ ಸರ್ವರ್‌ನಲ್ಲೂ ಸ್ವಲ್ಪ ಕಡಿಮೆ ರ‍್ಯಾಮ್ ಇಟ್ಟು, ಉಳಿದದ್ದನ್ನು ಹಲವು ಸರ್ವರ್‌ಗಳಿಗೆ ತಂತಿಯ ಸಂಪರ್ಕವಿರುವ ಒಂದು ಸಾಮಾನ್ಯ ಪೆಟ್ಟಿಗೆಯಲ್ಲಿ ಇಡುತ್ತಾರೆ.

ಇದಕ್ಕೆ ಬೇಕಾದ ‘ಸಿಎಕ್ಸ್‌ಎಲ್’ ಎಂಬ ಮಾನದಂಡ 2019ರಲ್ಲಿ ಬಂತು. ಇಂಟೆಲ್ ಮುಂದಾಳತ್ವ ವಹಿಸಿತ್ತು, ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್, ಅಲಿಬಾಬಾ ಜೊತೆಗಿದ್ದವು. ರ‍್ಯಾಮ್ ಪೆಟ್ಟಿಗೆಯನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚುವ ವ್ಯವಸ್ಥೆ ಸೇರಿದ್ದು 2020ರ 2.0 ಆವೃತ್ತಿಯಲ್ಲಿ. ಆಗ ಒಂದು ತುಂಡು ರ‍್ಯಾಮ್ ಒಂದು ಹೊತ್ತಿಗೆ ಒಬ್ಬರಿಗೇ ಸೇರುತ್ತಿತ್ತು. 2022ರ 3.0 ಆವೃತ್ತಿಯಲ್ಲಿ ಒಂದೇ ಮಾಹಿತಿಯನ್ನು ಹಲವು ಕಂಪ್ಯೂಟರ್‌ಗಳು ಏಕಕಾಲಕ್ಕೆ ಓದಿ ಬರೆಯುವುದಕ್ಕೂ ಅವಕಾಶವಾಯಿತು. ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ತಕ್ಷಣ ತಿಳಿಯಬೇಕಾದ್ದರಿಂದ ಇದು ಹೆಚ್ಚು ಕಷ್ಟದ ಕೆಲಸ.

ಪಾಂಡ್‌ನಲ್ಲಿ ರ‍್ಯಾಮನ್ನು 1 ಜಿಬಿ ತುಂಡುಗಳಾಗಿ ಹಂಚುತ್ತಾರೆ. ಕೊಡುವುದು ಸುಲಭ, ವಾಪಸ್ ಪಡೆಯುವುದೇ ನಿಧಾನ. ಕೊಪ್ಪರಿಗೆಯ ಕಥೆಯೂ ಅದೇ ತಾನೆ! ಹಾಗಾಗಿ ಒಂದಿಷ್ಟು ತುಂಡುಗಳನ್ನು ಯಾರಿಗೂ ಕೊಡದೆ ಮುಂಚಿತವಾಗಿ ಎತ್ತಿಟ್ಟಿರುತ್ತಾರೆ. ತೊಳೆಯುವ ಮಾತು ಇಲ್ಲಿ ಇನ್ನೂ ಗಂಭೀರ. ಹಿಂದಿನ ಗ್ರಾಹಕರ ಪಾಸ್‌ವರ್ಡೋ ಆಸ್ಪತ್ರೆಯ ದಾಖಲೆಯೋ ಆ ತುಂಡಿನಲ್ಲಿ ಉಳಿದಿರಬಹುದು. ಅದನ್ನು ಅಳಿಸದೆ ಮುಂದಿನವರಿಗೆ ಕೊಡುವಂತಿಲ್ಲ. ಇನ್ನೊಂದು ಅಪಾಯ, ಪೆಟ್ಟಿಗೆಯೇ ಕೆಟ್ಟರೆ ಅದನ್ನು ನೆಚ್ಚಿಕೊಂಡ ಸರ್ವರ್‌ಗಳಿಗೆಲ್ಲ ಪೆಟ್ಟು.

ದೂರದ ತೊಂದರೆಯಂತೂ ತಪ್ಪಿದ್ದಲ್ಲ. ಪಕ್ಕದಲ್ಲೇ ಇರುವ ರ‍್ಯಾಮ್‌ನಿಂದ ಮಾಹಿತಿ ಬರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಹಂಚಿಕೆಯ ಪೆಟ್ಟಿಗೆಯಿಂದ ಬರಲು 70ರಿಂದ 90 ನ್ಯಾನೊಸೆಕೆಂಡ್ ಹೆಚ್ಚು ಬೇಕೆಂದು ಪಾಂಡ್ ತಂಡದ ಅಂದಾಜು. ಅವರು 158 ಬಗೆಯ ಕೆಲಸಗಳನ್ನು ಪರೀಕ್ಷಿಸಿದಾಗ ಕೆಲವಕ್ಕೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಕೆಲವು ಕಾಲು ಭಾಗಕ್ಕಿಂತ ಹೆಚ್ಚು ನಿಧಾನವಾದವು. ಆದ್ದರಿಂದ ಯಾವ ಗ್ರಾಹಕರಿಗೆ ಎಷ್ಟು ರ‍್ಯಾಮನ್ನು ಪೆಟ್ಟಿಗೆಯಿಂದ ಕೊಡಬಹುದೆಂದು ಮಷೀನ್ ಲರ್ನಿಂಗ್ ಮೂಲಕ ಮುಂಚಿತವಾಗಿ ಊಹಿಸುತ್ತಾರೆ. ಇಷ್ಟೆಲ್ಲ ಮಾಡಿ ಉಳಿಯುವುದು ರ‍್ಯಾಮ್ ಖರ್ಚಿನಲ್ಲಿ ಸುಮಾರು 7%. ಕಡಿಮೆ ಎನಿಸಬಹುದು. ಲಕ್ಷಗಟ್ಟಲೆ ಸರ್ವರ್ ಇಟ್ಟುಕೊಂಡವರಿಗೆ ಅದು ಭಾರಿ ಮೊತ್ತ.

ಈಗ ನಿಮ್ಮ ಹಳೆ ಫೋನಿಗೆ ಬರೋಣ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಅಂದರೆ 100 ನ್ಯಾನೊಸೆಕೆಂಡಿನಲ್ಲಿ ಹೋಗಿ ಬರಲು ಸಾಧ್ಯವಿರುವುದು 15 ಮೀಟರ್ ದೂರಕ್ಕೆ ಮಾತ್ರ, ತಂತಿಯಲ್ಲಿ ಇನ್ನೂ ಕಡಿಮೆ. ದೂರದ ಊರಿನ ‘ಕ್ಲೌಡ್ ರ‍್ಯಾಮ್’ ನಿಮ್ಮ ಫೋನಿನ ರ‍್ಯಾಮ್‌ನಷ್ಟು ಚುರುಕಾಗಿ ಕೆಲಸ ಮಾಡಲು ಭೌತಶಾಸ್ತ್ರವೇ ಬಿಡುವುದಿಲ್ಲ. ಹಳೆ ಫೋನ್ ಪಕ್ಕದಲ್ಲೇ ಇದ್ದರೂ ನಡುವೆ ಇರುವುದು ವೈಫೈ. ಅದರಲ್ಲಿ ಒಮ್ಮೆ ಹೋಗಿ ಬರಲು ಮಿಲಿಸೆಕೆಂಡುಗಳು ಬೇಕು. ಒಂದು ಮಿಲಿಸೆಕೆಂಡ್ ಎಂದರೆ ರ‍್ಯಾಮ್‌ಗೆ ಬೇಕಾಗುವ ಸಮಯದ ಹತ್ತು ಸಾವಿರ ಪಟ್ಟು. ಅಷ್ಟು ಹೊತ್ತು ಕಾಯುವುದಕ್ಕಿಂತ ಫೋನಿನ ಸ್ಟೋರೇಜಿನಿಂದ ಕಿತ್ತುಕೊಂಡ ಆ ಎರಡನೆಯ 8 ಜಿಬಿಯೇ ವಾಸಿ.